ಕೊಟ್ಟಿಗೆ ಮರ ಮತ್ತು ಅಮ್ಮನ ತಲೆಯ ಗುಳಿ

ನನಗೆ ಒಂದು ತೆಂಗಿನ ಮರದ ಮೇಲೆ ಹಗೆ ಇತ್ತು. ಮನುಷ್ಯರ ಮೇಲೆ ಹಗೆ ಇಟ್ಟುಕೊಂಡವರನ್ನು ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ, ಮರದ ಮೇಲೆ ಎಂದರೆ ನಗುತ್ತಾರೆ. ನಗಲಿ. ನೊಣವಿನಕೆರೆ ಕಡೆಯ ನಮ್ಮ ತೋಟದಲ್ಲಿ, ದನದ ಕೊಟ್ಟಿಗೆಯ ಮಗ್ಗುಲಿಗೆ, ಬುಡದಲ್ಲಿ ಸ್ವಲ್ಪ ಸೊಟ್ಟಗಾಗಿ ಮೇಲೆ ನೆಟ್ಟಗಾದ ಮರ ಅದು. ಮನೆಯವರು ಅದನ್ನು ಕೊಟ್ಟಿಗೆ ಮರ ಎನ್ನುತ್ತಿದ್ದರು. ನಾನು ಅದಕ್ಕೆ ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಆ ಮರದ ಕಾಯಿ ನಮ್ಮ ಅಮ್ಮನ ತಲೆಯ ಮೇಲೆ ಬಿದ್ದಿತು. ಆಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಸಂಜೆ ಮನೆಗೆ ಬಂದರೆ ಕೊಟ್ಟಿಗೆಯ ಮುಂದೆ ಕಾಯಿಗಳು ಚೆಲ್ಲಾಡಿ ಬಿದ್ದಿದ್ದವು, ಕಲಗಚ್ಚಿನ ಬಾನಿಯ ಪಕ್ಕದ ಮಣ್ಣು ಕಪ್ಪಗೆ ನೆನೆದಿತ್ತು, ಮನೆಯಲ್ಲಿ ಒಬ್ಬರೂ ಇರಲಿಲ್ಲ. ಅಮ್ಮನನ್ನು ತುರುವೇಕೆರೆಗೆ, ಅಲ್ಲಿಂದ ತುಮಕೂರಿಗೆ ಎತ್ತಿಕೊಂಡು ಹೋಗಿದ್ದರು. ಎಡಗಿವಿಯ ಮೇಲ್ಗಡೆ ಬುರುಡೆ ಒಡೆದಿತ್ತು. ಡಾಕ್ಟರು ಚೂರಾದ ಮೂಳೆಯನ್ನು ತೆಗೆದು ಚರ್ಮ ಹೊಲಿದು ಕಳಿಸಿದರು. ಅಮ್ಮ ಉಳಿದರು. ಆದರೆ ಆ ಜಾಗದಲ್ಲಿ ಒಂದು ಗುಳಿ ಉಳಿಯಿತು. ಅದರ ಮೇಲಿನ ಚರ್ಮ ಎದೆಬಡಿತದ ಜೊತೆ ಮೆಲ್ಲಗೆ ಎದ್ದು ಇಳಿಯುತ್ತಿತ್ತು. ಅಮ್ಮ ಅಂದಿನಿಂದ ಹೊರಗಿನವರೆದುರು ತಲೆಯ ಮೇಲಿನ ಸೆರಗನ್ನು ಇಳಿಸಿದ್ದಿಲ್ಲ.

ಗಾಯ ಮಾಯಿತು, ಮಾತು ಮಾಯಲಿಲ್ಲ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಮನುಷ್ಯರ ಮೇಲೆ ಬೀಳುವುದಿಲ್ಲ. ಕಾಯಿಗೆ ಮೂರು ಕಣ್ಣು, ನೋಡಿಕೊಂಡು ಬೀಳುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಅದಕ್ಕೇ ಮರದ ಕೆಳಗೆ ತೊಟ್ಟಿಲು ಕಟ್ಟುತ್ತಾರೆ, ಹಾಸಿಗೆ ಹಾಸುತ್ತಾರೆ. ಇದು ಕೇಳಲಿಕ್ಕೆ ಚೆನ್ನಾಗಿದೆ, ಕಾಯಿ ತಲೆಗೆ ಬಿದ್ದವರ ಮನೆಯವರು ಕೇಳಬಾರದು ಅಷ್ಟೆ. ನೋಡಿಕೊಂಡು ಬೀಳುವ ಕಾಯಿ ಅಮ್ಮನ ಮೇಲೆ ಬಿದ್ದಿದೆ ಎಂದರೆ ಅಮ್ಮನನ್ನು ನೋಡಿಯೇ ಬಿದ್ದಿದೆ. ಏನು ಪಾಪ ಮಾಡಿದ್ದಳೋ ಎಂದು ಊರು ಹುಡುಕತೊಡಗಿತು. ಸಾಯುವ ಅತ್ತೆಯ ಬಾಯಿಗೆ ನೀರು ಬಿಡಲಿಲ್ಲವಂತೆ ಎಂದು ಒಬ್ಬಳು, ಗಬ್ಬದ ಹಸುವಿಗೆ ಒದ್ದಿದ್ದಳಂತೆ ಎಂದು ಇನ್ನೊಬ್ಬಳು. ಮದುವೆ ಮನೆಗಳಲ್ಲಿ ಆರತಿ ಎತ್ತಲು ಅಮ್ಮನನ್ನು ಕರೆಯುವುದು ನಿಂತಿತು. ಸೀಮಂತಕ್ಕೆ ಕರೆದರೂ ಬಸುರಿಗೆ ಮಡಿಲು ತುಂಬುವ ಹೊತ್ತಿಗೆ ಯಾರಾದರೂ ನಯವಾಗಿ, "ನೀವು ಕುಂತ್ಕಳ್ರವ್ವ, ನಿಮ್ಗೆ ತಲೆನೋವು" ಎನ್ನುತ್ತಿದ್ದರು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಈ ಮಾತನ್ನು ಮೊದಲು ಆಡಿದವರು ನಮ್ಮ ಅತ್ತೆ, ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡ ಸತ್ತು ತವರಿಗೆ ಬಂದು ನಮ್ಮ ಮನೆಯ ಯಜಮಾನಿಕೆ ಹಿಡಿದವರು. ಅಂದು ಅಪ್ಪ ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದರು, ಅಮ್ಮನ ಜೊತೆ ಇದ್ದವರು ಅತ್ತೆ ಒಬ್ಬರೇ. "ಕಾಯಿ ಆಯ್ತಾ ಇದ್ಲು, ಮೇಲಿಂದ ತಾನೇ ಬಿತ್ತು. ತೆಂಗಿಗೆ ಕಣ್ಣೈತೆ ಕಣಪ್ಪ, ನಾನೇನು ಹೇಳ್ಲಿ" ಎಂದು ಆಸ್ಪತ್ರೆಯ ಬಾಗಿಲಲ್ಲೇ ಅಪ್ಪನಿಗೆ ಹೇಳಿದ್ದರಂತೆ. ಆ ಒಂದು ಮಾತು ಅವರಿಗಿಂತ ಮೊದಲೇ ಬಸ್ಸು ಹತ್ತಿ ಊರಿಗೆ ಬಂದಿತ್ತು.

ಹಾಗಾಗಿ ನನ್ನ ಹಗೆಯಲ್ಲಿ ಮರಕ್ಕೆ ಮೊದಲ ಪಾಲು, ಅತ್ತೆಗೆ ಎರಡನೆಯದು. ಮರವನ್ನು ಕಡಿಸಿ ಎಂದು ಅಪ್ಪನಿಗೆ ಅತ್ತು ಹೇಳಿದೆ. ಫಲ ಕೊಡುವ ತೆಂಗನ್ನು ಕಡಿಯುವುದು ಮಗನನ್ನು ಕಡಿದಂತೆ ಎಂದರು. ಮಗಳು ಅತ್ತರೆ ಮಾತ್ರ ಏನೂ ಅಲ್ಲ. ಆಗ ನಾನೇ ಕೈ ಹಾಕಿದೆ. ಉಪ್ಪು ಬಿದ್ದ ನೆಲದಲ್ಲಿ ಗರಿಕೆಯೂ ಹುಟ್ಟುವುದಿಲ್ಲ ಎಂದು ಪಾಠದಲ್ಲಿ ಓದಿದ್ದೆನಲ್ಲ, ಹಸುಗಳಿಗೆಂದು ತಂದಿಟ್ಟಿದ್ದ ಕಲ್ಲುಪ್ಪಿನ ಚೀಲವನ್ನು ಎಳೆದುಕೊಂಡು ಹೋಗಿ ಮರದ ಪಾತಿಗೆ ಸುರಿದು ಮುಚ್ಚಿದೆ. ತೆಂಗಿಗೆ ಉಪ್ಪೆಂದರೆ ಗೊಬ್ಬರ ಎಂದು ಯಾರೂ ನನಗೆ ಹೇಳಿರಲಿಲ್ಲ. ಮುಂದಿನ ಫಸಲಿಗೆ ಕೊಟ್ಟಿಗೆ ಮರ ಗೊನೆ ಮೇಲೆ ಗೊನೆ ಹೊತ್ತು ನಿಂತಿತು. ಅಪ್ಪ ಬಂದವರಿಗೆಲ್ಲ, "ನನ್ ಮಗ್ಳು ಉಪ್ಪಾಕಿ ಸಾಕವ್ಳೆ ಕಣ್ರೀ" ಎಂದು ಹೇಳಿಕೊಂಡು ನಕ್ಕರು. ನಾನು ಆ ಮರದ ಎಳನೀರನ್ನು ಅಂದಿನಿಂದ ಕುಡಿಯಲಿಲ್ಲ.

ಅತ್ತೆಯ ವಿಷಯ ಇನ್ನೂ ಕಷ್ಟ. ಪ್ರತಿ ಶುಕ್ರವಾರ ಅಮ್ಮ ಜಗುಲಿಯ ಮೇಲೆ ಕೂತು ಸೆರಗು ಇಳಿಸುತ್ತಿದ್ದರು. ಅತ್ತೆ ಬಿಸಿ ಮಾಡಿದ ಎಣ್ಣೆ ತಂದು ಅವರ ತಲೆಗೆ ಹಚ್ಚುತ್ತಿದ್ದರು. ನಾನು ಹಚ್ಚುತ್ತೇನೆ ಎಂದರೆ ಅಮ್ಮ ಬಿಡರು. "ಅಕ್ಕಯ್ಯನ ಕೈಯೇ ಆಗ್ಬೇಕು ಬುಡು." ಅತ್ತೆಯ ಬೆರಳು ಗುಳಿಯ ಹತ್ತಿರ ಬರುವಾಗ ನಡುಗುತ್ತಿತ್ತು. ಅಸಹ್ಯಪಡುತ್ತಾರೆ ಎಂದುಕೊಂಡು ನಾನು ಹಲ್ಲು ಕಡಿಯುತ್ತಿದ್ದೆ. ಮನೆಗೆ ನೆಂಟರು ಬಂದರಂತೂ ಮುಗಿಯಿತು. ಅಮ್ಮ ಕಾಫಿ ಲೋಟ ಕೊಡುತ್ತ, "ಅಕ್ಕಯ್ಯ, ಕಾಯಿ ಹೆಂಗೆ ಬಿತ್ತು ಅಂತ ಇವ್ರಿಗೊಸಿ ಹೇಳು" ಎನ್ನುತ್ತಿದ್ದರು. ಅತ್ತೆ ಮೊದಲಿಂದ ಶುರುಮಾಡಿ ತೆಂಗಿನ ಕಣ್ಣಿನವರೆಗೂ ಹೇಳಬೇಕು. ಅವರಿಗೆ ಆ ಕತೆ ಹೇಳುವುದೆಂದರೆ ಖುಷಿ, ಅಮ್ಮ ಸಾಧು, ಅದನ್ನೂ ಸಹಿಸುತ್ತಾರೆ ಎಂದು ನಾನು ತಿಳಿದಿದ್ದೆ. ಅಮ್ಮ ಕೇಳುತ್ತ ಕೂರುತ್ತಿದ್ದ ರೀತಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ಅಮ್ಮನ ಇನ್ನೊಂದು ಹಟವೂ ಆಗ ನನಗೆ ಅರ್ಥವಾಗಿರಲಿಲ್ಲ. ಅಡಿಗೆಮನೆಯ ಬಾಗಿಲ ಪಕ್ಕ ಗೂಟಕ್ಕೆ ಒಂದು ಹಳೆಯ ದೋಟಿ ಕುಡುಗೋಲು ನೇತಾಡುತ್ತಿತ್ತು. ಉದ್ದನೆಯ ಬಿದಿರ ಗಳುವಿನ ತುದಿಗೆ ಕಟ್ಟಿ ಮರದಿಂದ ಕಾಯಿ ಎಳೆಯುವ ಬಾಗು ಕುಡುಗೋಲು ಅದು. ತುದಿ ಮುರಿದು ಮೊಂಡಾಗಿ, ತುಕ್ಕು ಹಿಡಿದಿತ್ತು. ಗುಜರಿಯವನು ಬಂದಾಗಲೆಲ್ಲ ಅಪ್ಪ ಅದಕ್ಕೆ ಕೈ ಹಾಕುತ್ತಿದ್ದರು, ಅಮ್ಮ ತಡೆಯುತ್ತಿದ್ದರು. "ಇರ್ಲಿ ಬುಡಿ, ಅಕ್ಕಯ್ಯಂಗೆ ಬೇಕಾದೀತು." ಅತ್ತೆ ದಿನಕ್ಕೆ ಹತ್ತು ಸಲ ಅದರ ಮುಂದೆ ಹಾದು ಅಡಿಗೆಮನೆಗೆ ಹೋಗಿಬರುತ್ತಿದ್ದರು.

ನಾನು ರಸಾಯನಶಾಸ್ತ್ರ ಓದಿದೆ. ಈಗ ತುಮಕೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನಾವು ಮಾಡುವುದು ಪಾಲಿಯೆಸ್ಟರ್. ಹಾಗೆಂದರೆ ಊರಿನವರು ಸೀರೆ ಎಂದುಕೊಳ್ಳುತ್ತಾರೆ, ಅದಲ್ಲ. ಆಪರೇಷನ್ ಆದ ಮೇಲೆ ಮೈಯೊಳಗೇ ಕರಗಿಹೋಗುವ ಹೊಲಿಗೆ ದಾರ ಇದೆಯಲ್ಲ, ಅದರ ಜಾತಿಯದು. ಅದರಲ್ಲೂ ನಮ್ಮದು ನೆನಪಿರುವ ಪಾಲಿಯೆಸ್ಟರ್. ಬತ್ತಾಸಿನಂತೆ ಬೆಳ್ಳಗೆ ತೂತುತೂತಾಗಿರುವ ಒಂದು ತುಂಡು ಮಾಡುತ್ತೇವೆ. ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಮೆತ್ತಗಾದಾಗ ಅದನ್ನು ಹಿಸುಕಿ ಮೂಳೆಯ ಗುಳಿಯೊಳಗೆ ತುರುಕಬಹುದು. ಆದರೆ ಅದು ಹಿಸುಕಿದಂತೆ ಇರಲು ಒಪ್ಪುವುದಿಲ್ಲ. ತನ್ನ ಮೊದಲಿನ ಆಕಾರಕ್ಕೆ ಮರಳುವ ಹಟದಲ್ಲಿ ಉಬ್ಬುತ್ತ ಗುಳಿಯ ಮೂಲೆಮೂಲೆಗೂ ಹೋಗಿ ಒತ್ತಿಕೊಳ್ಳುತ್ತದೆ. ತಣ್ಣಗಾದಾಗ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಮುಂದೆ ಅದರ ತೂತುಗಳೊಳಗೆ ಮೂಳೆ ಬೆಳೆಯಬೇಕು, ಅದು ಮೆಲ್ಲಗೆ ಕರಗಬೇಕು. ಮನುಷ್ಯರ ಮೈಗೆ ಹೋಗಲು ಇನ್ನೂ ಬಹಳ ಕಾಲ ಇದೆ. ನಾನು ಆ ಕೆಲಸಕ್ಕೆ ಏಕೆ ಸೇರಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತೊಂದರೆ ಏನೆಂದರೆ ನಮ್ಮ ತುಂಡಿಗೆ ಹಟ ಇತ್ತು, ಬಲ ಇರಲಿಲ್ಲ. ಉಬ್ಬಲು ಹೋಗಿ ಅರ್ಧದಲ್ಲೇ ಸೋಲುತ್ತಿತ್ತು. ಒತ್ತಿದರೆ ತಗ್ಗುತ್ತಿತ್ತು. ಅದಕ್ಕೆ ಬಲ ಕೊಡಲು ಒಂದು ದಾರಿ, ಗಿಡಮರಗಳ ನಾರನ್ನು ಒಡೆದು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳನ್ನಾಗಿ ಮಾಡಿ ಒಳಗೆ ಬೆರೆಸುವುದು. ಮಣ್ಣಿನ ಗೋಡೆಗೆ ಹುಲ್ಲು ಕಲಸುವುದಿಲ್ಲವೇ, ಹಾಗೆ. ಎಲ್ಲ ನಾರಿಗೂ ಈ ಕಡ್ಡಿಗಳೇ ಬೆನ್ನೆಲುಬು. ಅದನ್ನೇ ನ್ಯಾನೋ ಕಣ ಎನ್ನುವುದು.

ನಮ್ಮ ವಿಭಾಗದ ಹಿರಿಯರು ಹತ್ತಿಯಿಂದ ತೆಗೆಯಿರಿ ಎಂದರು. ಹತ್ತಿಯಲ್ಲಿ ಬೇಕಾದದ್ದು ಹೇರಳವಾಗಿದೆ, ಕೆಲಸ ಸಲೀಸು. ನಾನು ತೆಂಗಿನಕಾಯಿ ಮಟ್ಟೆಯ ನಾರಿನಿಂದ ತೆಗೆಯುತ್ತೇನೆ ಎಂದೆ. ಮಟ್ಟೆಯ ನಾರು ಒರಟು, ಅದರಲ್ಲಿ ಬೇಡದ ಅಂಟೇ ಹೆಚ್ಚು, ಗೆದ್ದರೂ ಸಿಗುವುದು ಚಿಟಿಕೆಯಷ್ಟು. ಏಕಮ್ಮ ಈ ಹಟ ಎಂದು ಕೇಳಿದರು. ಹಗೆ ಎಂದು ಯೋಜನೆಯ ಅರ್ಜಿಯಲ್ಲಿ ಬರೆಯಲಾದೀತೇ? ಸ್ಥಳೀಯ ಕೃಷಿ ತ್ಯಾಜ್ಯದ ಸದುಪಯೋಗ ಎಂದು ಬರೆದೆ. ಎಲ್ಲರೂ ತಲೆದೂಗಿದರು.

ಮಟ್ಟೆ ಯಾವ ಮರದ್ದೆಂದು ಯಾರೂ ಕೇಳಲಿಲ್ಲ. ಶನಿವಾರ ಬಸ್ಸಿನಲ್ಲಿ ಊರಿಗೆ ಹೋಗಿ ಭಾನುವಾರ ಸಂಜೆ ಕೊಟ್ಟಿಗೆ ಮರದ ಮಟ್ಟೆಯನ್ನೇ ಆರಿಸಿ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದೆ. ಮೊದಲ ಸಲ ಅಟ್ಟದ ಮೇಲಿನ ಕಾಯಿಯ ಮಟ್ಟೆ ತಂದು ಕೆಟ್ಟೆ. ನಮ್ಮಲ್ಲಿ ಕಾಯಿಯನ್ನು ವರ್ಷಗಟ್ಟಲೆ ಅಟ್ಟದಲ್ಲಿಟ್ಟು ಕೊಬ್ಬರಿ ಮಾಡುತ್ತಾರಲ್ಲ, ಕೆಳಗಿನ ಒಲೆಯ ಹೊಗೆ ಕುಡಿದು ಕುಡಿದು ಆ ಮಟ್ಟೆ ಎಷ್ಟು ತೊಳೆದರೂ ಬೆಳ್ಳಗಾಗಲಿಲ್ಲ. ಆಮೇಲೆ ಹಸಿ ಮಟ್ಟೆಯನ್ನೇ ತಂದೆ. ಕತ್ತರಿಸಿದೆ. ಕ್ಷಾರದಲ್ಲಿ ಕುದಿಸಿದೆ. ಬಣ್ಣ ಬಿಡಿಸಿದೆ. ಆಸಿಡ್ಡಿನಲ್ಲಿ ನೆನೆಹಾಕಿ ಅದು ಕರಗುವುದನ್ನು ಗಾಜಿನಾಚೆಯಿಂದ ನೋಡುತ್ತ ನಿಂತೆ. ಮೆಷಿನ್ನಿಗೆ ಹಾಕಿ ತಿರುಗಿಸಿದೆ, ಶಬ್ದದ ಅಲೆಗಳಿಂದ ಬಡಿದೆ. ಕೊನೆಗೆ ಅಷ್ಟು ದೊಡ್ಡ ಚೀಲದ ಮಟ್ಟೆ, ಗಂಜಿ ನೀರಿನಂತೆ ಮಬ್ಬಾಗಿ ಒಂದು ಬಾಟಲಿಯ ತಳದಲ್ಲಿ ಕೂತಿತು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಆ ದಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ. ಜೊತೆಯವರು ವಿಜ್ಞಾನದ ಮೇಲಿನ ಪ್ರೀತಿ ಎಂದುಕೊಂಡರು.

ನನ್ನ ಲೆಕ್ಕಾಚಾರ ಇಷ್ಟು. ಈ ಮರ ಅಮ್ಮನ ತಲೆಯಲ್ಲಿ ತೂತು ಮಾಡಿತು. ಇದೇ ಮರದಿಂದ ಆ ತೂತು ಮುಚ್ಚುವ ವಸ್ತು ಮಾಡಿ, ಅದನ್ನು ಅತ್ತೆಯ ಮುಂದೆ ಇಟ್ಟು ಕೇಳಬೇಕು, ಈಗ ಹೇಳಿ, ಪಾಪ ಯಾರದು? ಮರವೇ ಬಂದು ತಪ್ಪು ಕಾಣಿಕೆ ಕೊಟ್ಟಿದೆ ನೋಡಿ! ಊರಿನವರ ಎದುರು ಕೇಳಬೇಕು, ಅತ್ತೆಯ ಬಾಯಿ ಕಟ್ಟಬೇಕು, ಅಮ್ಮನನ್ನು ಆರತಿಗೆ ಕರೆಯುವಂತಾಗಬೇಕು. ನನಗೆ ಬೇಕಿದ್ದದ್ದು ಅದೊಂದೇ.

ಮರ ಸುಲಭಕ್ಕೆ ಸೋಲಲಿಲ್ಲ. ಕಣಗಳನ್ನು ಕಡಿಮೆ ಬೆರೆಸಿದರೆ ತುಂಡಿಗೆ ಬಲ ಸಾಲದು, ಹೆಚ್ಚಾದರೆ ಒಂದಕ್ಕೊಂದು ಅಂಟಿ ರಾಗಿ ಹಿಟ್ಟಿನ ಗಂಟಿನಂತಾಗಿ ತುಂಡು ಪಟ್ಟೆಂದು ಮುರಿಯುವುದು. ಮುರಿದಾಗೆಲ್ಲ ನನಗೆ ಆ ಸೊಟ್ಟ ಬುಡ ಕಣ್ಣ ಮುಂದೆ ಬಂದು ಇನ್ನಷ್ಟು ಸಿಟ್ಟು ಬರುತ್ತಿತ್ತು. ಕೊನೆಗೆ ಹದ ಸಿಕ್ಕಿತು. ಬಿಸಿನೀರಿನಲ್ಲಿ ಹಿಸುಕಿ ಬಿಟ್ಟರೆ ತುಂಡು ಪೂರ್ತಿ ತನ್ನ ಆಕಾರಕ್ಕೆ ಮರಳತೊಡಗಿತು, ಒತ್ತಿದ ಬೆರಳನ್ನು ವಾಪಸ್ಸು ತಳ್ಳುವಷ್ಟು ಬಲದಿಂದ.

ಅದೇ ಹೊತ್ತಿಗೆ ಅಮ್ಮನಿಗೆ ತಲೆನೋವು ಹೆಚ್ಚಾಗಿ ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಗಾಬರಿಪಡುವಂಥದ್ದೇನಿಲ್ಲ ಎಂದರು. ಬೇಕಾದರೆ ಲೋಹದ ತಗಡು ಹಾಕಿ ಗುಳಿ ಮುಚ್ಚಬಹುದು ಎಂದೂ ಹೇಳಿದರು. ಹಿಂದೆಯೂ ಹೇಳಿದ್ದರು. ಅಮ್ಮ ಈ ಸಲವೂ ಒಲ್ಲೆ ಎಂದರು. "ಅದಿರ್ಲಿ ಬುಡಿ ಡಾಕ್ಟ್ರೇ, ಅಭ್ಯಾಸ ಆಗೋಗೈತೆ." ಸ್ಕ್ಯಾನಿನ ಚಿತ್ರಗಳು ನನ್ನ ಬಳಿ ಉಳಿದವು. ಪ್ರಯೋಗಾಲಯದ ಯಂತ್ರದಲ್ಲಿ ಅದರ ಅಳತೆಗೆ ಸರಿಯಾಗಿ ಬುರುಡೆಯ ಆ ಭಾಗವನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ತೆಗೆದೆ. ಗುಳಿಯ ಒಂದು ಅಂಚು ಹರಕು, ಇನ್ನೊಂದು ನುಣ್ಣಗೆ. ಮೂಳೆಯ ಗುಳಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಅಂಚಿನ ಕಡೆ ಮನಸ್ಸು ಕೊಡಲಿಲ್ಲ. ತುಂಡನ್ನು ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡಿ ಗುಳಿಗೆ ಒತ್ತಿದೆ. ಉಬ್ಬಿತು, ತುಂಬಿತು, ಗಟ್ಟಿಯಾಯಿತು. ತೂಗಿ ನೋಡಲೆಂದು ಅದನ್ನು ಹೊರಗೆ ತಳ್ಳಿ ಮೇಜಿನ ಮೇಲೆ ಇಟ್ಟೆ.

ಪಕ್ಕದಲ್ಲಿದ್ದ ಸಹೋದ್ಯೋಗಿ ಬೀದರ್ ಕಡೆಯವಳು. "ಬಾಳೆಹಣ್ಣಿನ ತುಂಡಿನಂಗ ಅದ ನೋಡ್ರಿ" ಎಂದು ನಕ್ಕಳು.

ನಾನು ನಗಲಿಲ್ಲ. ನಮ್ಮ ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಅದು ಬಾಳೆಹಣ್ಣಾಗಿ ಕಾಣುತ್ತಿರಲಿಲ್ಲ. ಬಾಗಿದ ಬೆನ್ನು, ಬರುಬರುತ್ತ ಕಿರಿದಾಗಿ ಕೊನೆಗೆ ಚೂಪಾಗುವ ಬದಲು ಮೊಂಡಾದ ತುದಿ. ಗುಂಡಗಿನ ಕಾಯಿ ಬಿದ್ದರೆ ಇಂಥ ಗುಳಿ ಬೀಳುವುದಿಲ್ಲ. ಗುಳಿಯನ್ನು ತುಂಬಿದ ವಸ್ತು ಗುಳಿ ಮಾಡಿದ ವಸ್ತುವಿನ ಆಕಾರಕ್ಕೇ ಬರುತ್ತದೆ ಎಂಬ ಸಣ್ಣ ಮಾತು, ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೆ ಹೊಳೆದಿರಲಿಲ್ಲ. ನಾನು ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಮನೆಯಲ್ಲಿ ಯಾರೂ ನೋಡದ ಹೊತ್ತಿನಲ್ಲಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗೂಟದ ಮೇಲಿನ ಕುಡುಗೋಲಿನ ತುದಿಗೆ ಆ ತುಂಡನ್ನು ಹಿಡಿದೆ. ಬಾಗಿಗೆ ಬಾಗು ಕೂತಿತು. ಮೊಂಡಿಗೆ ಮೊಂಡು ಕೂತಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎಷ್ಟು ಕಾಲ ಎಮ್ಮೆಗೆ ಬರೆ ಹಾಕಿದ್ದೆ! ಉಪ್ಪು ಹಾಕಿ, ಬೈದು, ಕುದಿಸಿ, ಆಸಿಡ್ಡಿನಲ್ಲಿ ಕರಗಿಸಿ. ಹಾಗೆಂದು ಮರದ ಬಳಿ ಹೋಗಿ ಕ್ಷಮೆ ಕೇಳಲಿಲ್ಲ. ಅದಕ್ಕಿದ್ದ ಪಾಲಿನ ಹಗೆಯನ್ನೂ ಎತ್ತಿ ಅತ್ತೆಯ ತಲೆಗೆ ಕಟ್ಟಿದೆ. ಅಂದು ಅವರು ಕೈಕಟ್ಟಿ ನಿಂತಿರಲಿಲ್ಲ, ದೋಟಿ ಹಿಡಿದಿದ್ದರು. ಅದು ಜಾರಿ ಕೆಳಗೆ ಬಗ್ಗಿ ಕಾಯಿ ಆಯುತ್ತಿದ್ದ ಅಮ್ಮನ ತಲೆಗೆ ಬಡಿದಿತ್ತು. ಆಮೇಲೆ ಅವರು ಹೇಳಿದ ಸುಳ್ಳು ಇದೆಯಲ್ಲ, ಅದು ಜಾರಿದ್ದಲ್ಲ. ಅದನ್ನು ಗುರಿ ನೋಡಿ ಬೀಸಿದ್ದು.

ಆಗಲೇ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಅಮ್ಮನಿಗೆ ಅವಮಾನ ಆದದ್ದು ಹತ್ತು ಜನರೆದುರು, ಇವರಿಗೂ ಹತ್ತು ಜನರೆದುರೇ ಆಗಬೇಕು. ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಬಿಡಿಸುವ ದಿನಕ್ಕಾಗಿ ಕಾದೆ. ಅಂದು ಗಂಡಸರು ತೋಟದ ಕಡೆ ಮಟ್ಟೆ ಸುಲಿದರೆ, ಕೇರಿಯ ಹೆಂಗಸರು ನಮ್ಮ ಅಂಗಳದಲ್ಲಿ ಕೂತು ಕರಟ ಒಡೆದು ಇಡೀ ಕೊಬ್ಬರಿ ಬಿಡಿಸುತ್ತಾರೆ. ಕಾದ ದಿನಗಳಲ್ಲಿ ನಾನು ಅತ್ತೆಯೊಡನೆ ಎಂದಿಗಿಂತ ಸಿಹಿಯಾಗಿ ಮಾತಾಡಿದೆ. ಅವರು ತೇಗಿದರೂ, ತೇಗಿಕೋ, ಇನ್ನೆಷ್ಟು ದಿನ ಎಂದುಕೊಳ್ಳುತ್ತಿದ್ದೆ.

ಆ ದಿನ ಬಂತು. ಅಂಗಳದ ತುಂಬ ಹೆಂಗಸರು, ಕರಟದ ರಾಶಿ. ಕಾಯಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟಗಿಟ ಎನ್ನುತ್ತಿತ್ತು. ಚಿಕ್ಕನಾಯಕನಹಳ್ಳಿಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ ಒಂದು ಹುಡುಗಿ ಅಮ್ಮನ ಸೆರಗನ್ನೇ ನೋಡುತ್ತಿದ್ದಳು. ಅಮ್ಮ ಅದನ್ನು ಗಮನಿಸಿ ಎಂದಿನಂತೆ, "ಅಕ್ಕಯ್ಯ, ಈ ಹುಡ್ಗಿಗೆ ಗೊತ್ತಿಲ್ಲ. ಕಾಯಿ ಹೆಂಗೆ ಬಿತ್ತು ಅಂತ ಹೇಳು" ಎಂದರು. ನಾನು ಹೇಳಿಕೊಟ್ಟು ಕೇಳಿಸಿದಂತಿತ್ತು.

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. "ಅಂಗೇ ಬಗ್ಗಿದ್ಲು ಕಣವ್ವ, ಕಾಯಿ ಆಯೋಕೆ. ಮೇಲಿಂದ ಬಿತ್ತು. ತೆಂಗಿಗೆ ಕಣ್ಣೈತೆ, ನೋಡ್ಕಂಡೇ ಬೀಳೋದು..."

"ಅತ್ತೆ, ಒಂದು ನಿಮಿಷ" ಎಂದೆ.

ಬಚ್ಚಲಿನ ಹಂಡೆಯಿಂದ ಬಿಸಿನೀರು ತಂದೆ. ಪ್ಲಾಸ್ಟಿಕ್ಕಿನ ಬುರುಡೆಯನ್ನು ಮಣೆಯ ಮೇಲಿಟ್ಟೆ. ಇದು ನಮ್ಮಮ್ಮನ ತಲೆಯ ಮೂಳೆ, ಸ್ಕ್ಯಾನ್ ನೋಡಿ ಮಾಡಿದ್ದು, ಇದು ಗುಳಿ, ಈ ತುಂಡಿನಲ್ಲಿ ನಮ್ಮ ಕೊಟ್ಟಿಗೆ ಮರದ ನಾರು ಇದೆ, ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಬರುತ್ತದೆ ಎಂದೆ. ಹೆಂಗಸರು ಕೆಲಸ ಬಿಟ್ಟು ಹತ್ತಿರ ಬಂದರು. ಹೊಸ ತುಂಡನ್ನು ನೀರಿಗೆ ಹಾಕಿ, ಮೆತ್ತಗಾದ ಮೇಲೆ ಗುಳಿಗೆ ಒತ್ತಿದೆ. ಬಿಸಿಗೆ ಅದು ಉಬ್ಬಿಕೊಂಡು ಅಂಚಿಗೆ ಹೋಗಿ ಕೂರುವುದನ್ನು ನೋಡಿ ಒಬ್ಬಳು, "ಅಯ್ಯೋ, ಜೀವ ಐತೇನೇ ಇದ್ಕೆ!" ಎಂದಳು. ತಣ್ಣಗಾಗುವವರೆಗೂ ಕಾದೆ. ನಾನು ತುಂಡನ್ನು ಹೊರಗೆ ತೆಗೆದು ಅಂಗೈ ಮೇಲಿಟ್ಟು ಎಲ್ಲರಿಗೂ ತೋರಿಸಿದೆ. ಆಮೇಲೆ ಅಡಿಗೆಮನೆಗೆ ಹೋಗಿ ಗೂಟದಿಂದ ಕುಡುಗೋಲು ತಂದೆ. ಎರಡನ್ನೂ ಜೋಡಿಸಿ ಹಿಡಿದೆ.

"ಕಾಯಿ ಹಿಂಗಿರ್ತದಾ ಅತ್ತೆ?"

ಮೂಲೆಯಲ್ಲಿದ್ದ ಒಬ್ಬ ಮುದುಕಿ ಮೆಲ್ಲಗೆ, "ಇದು ದೋಟಿ ಕುಡ್ಲು ಅಲ್ವೇನ್ರೇ" ಎಂದಳು.

ಅತ್ತೆ ಕರಟದ ರಾಶಿಯ ಮೇಲೇ ಕುಸಿದು ಕೂತರು. "ನಾನೇ ಕಣ್ರವ್ವ. ಗಳು ಭಾರ ಆಯ್ತು, ಕೈ ಜಾರ್ತು. ಬೇಕಂತ ಮಾಡ್ಲಿಲ್ಲ, ನಮ್ಮಪ್ಪನಾಣೆಗೂ ಮಾಡ್ಲಿಲ್ಲ. ತಮ್ಮ ಮನೆಯಿಂದಾಚೆಗೆ ಹಾಕ್ಬುಟ್ರೆ ಎಲ್ಲಿಗೋಗ್ಲಿ ಅಂತ ಬಾಯಿಗೆ ಬಂದಿದ್ದು ಹೇಳ್ಬುಟ್ಟೆ." ಎದೆ ಎದೆ ಬಡಿದುಕೊಂಡು ಅತ್ತರು.

ನಾನು ಕಾದಿದ್ದ ಗಳಿಗೆ ಇದು. ಹೆಂಗಸರು ಈಗ ತಿರುಗಿ ಬೀಳುತ್ತಾರೆ, ಉಗಿಯುತ್ತಾರೆ ಎಂದು ನೋಡಿದೆ. ಆದರೆ ಆ ಮುದುಕಿ ಎದ್ದು ಹೋಗಿ ಅತ್ತೆಯ ಬೆನ್ನು ಸವರಿದಳು. "ಆಗಿದ್ದಾಯ್ತು ಬುಡವ್ವ. ಇಷ್ಟು ವರ್ಷ ಒಳಗೇ ಇಟ್ಕಂಡು ಹೆಂಗೆ ಬೆಂದೆಯೋ." ಇನ್ನೊಬ್ಬಳು ನೀರು ತಂದುಕೊಟ್ಟಳು. ಮತ್ತೊಬ್ಬಳು ಕಣ್ಣೊರೆಸಿಕೊಂಡಳು. ಅಮ್ಮನ ಕಡೆಗೂ ಒಂದಿಬ್ಬರು ಬಂದರು, ಮುಂದಿನ ವಾರದ ಸೀಮಂತಕ್ಕೆ ನೀವೇ ಮಡಿಲು ತುಂಬಬೇಕು ಎಂದರು. ಅಮ್ಮ ತಲೆಯಾಡಿಸಿದರು. ಅವರ ಕಣ್ಣು ಮಾತ್ರ ಅತ್ತೆಯ ಮೇಲಿತ್ತು.

ಸಂಜೆ ಅಪ್ಪನಿಗೂ ತಿಳಿಯಿತು. ಅವರು ಒಂದಷ್ಟು ಕೂಗಾಡಿ, ಒಂದಷ್ಟು ಹೊತ್ತು ಜಗುಲಿಯ ಮೇಲೆ ಕೂತು, "ಅಕ್ಕ, ಎದ್ದು ಉಣ್ಣು" ಎಂದರು. ಅತ್ತೆ ಎದ್ದು ಉಂಡರು. ಎರಡು ಮುದ್ದೆ ಉಂಡರು. ನಾನು ಹುಟ್ಟಿದಾಗಿನಿಂದ ಅವರು ಒಂದರ ಮೇಲೆ ಉಂಡದ್ದನ್ನು ನೋಡಿರಲಿಲ್ಲ. ಉಂಡು, ನಡುಮನೆಯಲ್ಲಿ ಚಾಪೆ ಹಾಸಿ, ಕತ್ತಲಾಗುವ ಮೊದಲೇ ಗೊರಕೆ ಹೊಡೆಯತೊಡಗಿದರು.

ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದರು. ಮೆಚ್ಚಿ ತಲೆ ಸವರುತ್ತಾರೆ ಎಂದುಕೊಂಡು ಹೋದೆ.

"ನಿಂಗ್ಯಾರೇ ಹೇಳಿದ್ದು ಇದನ್ನ ಮಾಡು ಅಂತ?"

ನನಗೆ ಅರ್ಥವಾಗಲಿಲ್ಲ. "ಅಮ್ಮ, ಅವರು ನಿನಗೆ..."

"ನನ್ನ ತಲೆ ಕಣೇ ಅದು. ನಂಗೊತ್ತಿರಲ್ವಾ?" ಅಮ್ಮನ ದನಿಯಲ್ಲಿದ್ದದ್ದು ಅಳುವಲ್ಲ, ಸಿಟ್ಟು. "ಗಳು ಜಾರಿದ್ದೂ ಕಂಡೆ, ಅವ್ಳ ಮುಖಾನೂ ಕಂಡೆ. ಆಸ್ಪತ್ರೇಲಿ ಕಣ್ಣು ಬುಟ್ಟಾಗ ಹೇಳ್ಬುಡನ ಅಂತಲೇ ಇದ್ದೆ. ಅಷ್ಟ್ರಲ್ಲಿ ಬಾಗ್ಲಲ್ಲಿ ನಿಂತ್ಕಂಡು ತೆಂಗಿಗೆ ಕಣ್ಣೈತೆ ಅಂತ ನಿಮ್ಮಪ್ಪಂಗೆ ಹೇಳ್ತಾವ್ಳೆ. ಓಹೋ, ಹಿಂಗೋ ಅಂದ್ಕಂಡೆ. ಹೇಳಿದ್ರೆ ಏನಾಗ್ತಿತ್ತು? ಒಂದಿನ ಅಳೋಳು. ನಿಮ್ಮಪ್ಪ ನಾಕು ಮಾತು ಬೈಯೋರು. ಉಂಡು ಮಲಗೋಳು. ಈಗ ಮಲಗವ್ಳಲ್ಲ, ಹಂಗೆ. ಹೇಳ್ದೆ ಇದ್ದದ್ದಕ್ಕೇ ದಿನಾ ಬೆಳಗೆದ್ದು ನನ್ನ ಮುಖ ನೋಡೋಳು, ಇವತ್ತು ಹೇಳ್ತಾಳಾ ಅಂತ. ಶುಕ್ರವಾರ ಬಂದ್ರೆ ಆ ಗುಳಿ ಮುಟ್ಬೇಕು. ನೆಂಟ್ರು ಬಂದ್ರೆ ಸುಳ್ಳನ್ನ ಇನ್ನೊಂದ್ಸಲ ಹೇಳ್ಬೇಕು. ಡಾಕ್ಟ್ರು ತಗಡು ಹಾಕ್ತೀನಿ ಅಂದ್ರೂ ನಾನ್ಯಾಕೆ ಒಪ್ಲಿಲ್ಲ ಅಂದ್ಕಂಡಿದ್ದೀಯ? ಆ ಗುಳಿ ಇದ್ದಷ್ಟು ದಿನ ಅವ್ಳು ನನ್ನ ಕೈಯಾಗಿದ್ಲು. ಊರೋರು ಆರತಿಗೆ ಕರೀದಿದ್ರೆ ಹೋಗ್ಲಿ, ನಂಗೆ ಮನೇಲೇ ದಿನಾ ಆರತಿ ಆಗ್ತಿತ್ತು. ಬಂದ್ಬುಟ್ಲು ಓದ್ದೋಳು, ಬುಡಿಸ್ಬುಟ್ಲು ಅವ್ಳನ್ನ."

ಹಗೆಯಲ್ಲಿ ನಾನೇ ಪಂಡಿತೆ ಎಂದುಕೊಂಡಿದ್ದೆ. ಒಂದು ಮೂಕ ಮರದ ಸಿಪ್ಪೆ ಸುಲಿದು ಬೀಗುತ್ತಿದ್ದ ನಾನು, ಈ ಹೆಂಗಸಿನ ಮುಂದೆ ಇನ್ನೂ ಅಕ್ಷರ ತಿದ್ದುತ್ತಿದ್ದೆ.

"ನಿನ್ನ ಸಾಮಾನು ಬಿಸಿ ಮಾಡಿದ್ರೆ ಹಳೇ ಆಕಾರಕ್ಕೆ ಬತ್ತದೆ ಅಂದ್ಯಲ್ಲ" ಎಂದರು ಅಮ್ಮ, ಒಳಗಿನ ಗೊರಕೆಯ ಕಡೆ ಗದ್ದ ಎತ್ತಿ ತೋರಿಸುತ್ತ. "ಅವ್ಳನ್ನ ಹಳೇ ಥರ ಮಾಡ್ಕೊಡು ನೋಡನ."

ಮುಂದಿನ ಶುಕ್ರವಾರ ನಾನಿನ್ನೂ ರಜೆ ಹಾಕಿ ಊರಲ್ಲೇ ಇದ್ದೆ. ಅತ್ತೆ ತಾವಾಗಿಯೇ ಎಣ್ಣೆ ಬಿಸಿ ಮಾಡಿಕೊಂಡು ನಗುನಗುತ್ತ ಬಂದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಅಮ್ಮ ಸೆರಗು ಇಳಿಸಲಿಲ್ಲ. "ಬ್ಯಾಡ ಬುಡಕ್ಕಯ್ಯ, ಇವ್ಳು ಹಚ್ತಾಳೆ" ಎಂದರು. ಅತ್ತೆ ಒಳಗೆ ಹೋದ ಮೇಲೆ ಸೆರಗು ಇಳಿಸಿದರು, ನಾನು ಹಚ್ಚಿದೆ. ಬೆರಳ ಕೆಳಗೆ ಗುಳಿ ಎದ್ದು ಇಳಿಯುತ್ತಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಗುಜರಿಯವನು ಕೂಗಿಕೊಂಡು ಹೋದ. ಅಮ್ಮ ಎಣ್ಣೆ ತಲೆಯಲ್ಲೇ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ, ಕುಡುಗೋಲನ್ನು ಗೂಟದಿಂದ ಇಳಿಸಿ ತಂದು, ಅವನ ಗಾಡಿಯೊಳಕ್ಕೆ ಎಸೆದರು.

"ತಗಂಡೋಗಪ್ಪ" ಎಂದರು, ನನ್ನನ್ನು ನೋಡುತ್ತ. "ಇನ್ನ ಇದ್ರಿಂದ ಏನೂ ಆಗಲ್ಲ."